‘ಟ್ಯಾಪೆಸ್ಟ್ರಿ’ಯ ಮೆದು ದನಿ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಅಮೆರಿಕದ ಗಾಯಕಿ, ಗೀತರಚನೆಕಾರ್ತಿ ಕ್ಯಾರೊಲ್ ಕಿಂಗ್ ಅವರ 1971ರ ‘ಟ್ಯಾಪೆಸ್ಟ್ರಿ’ ಆಲ್ಬಂ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿತು. ಹನ್ನೆರಡು ಹಾಡುಗಳನ್ನೂ ಆಕೆಯೊಬ್ಬರೇ ಬರೆದರೆಂದು ನಾವು ಅಚ್ಚು ಹಾಕಿದ್ದು ತಪ್ಪು. ಅರ್ಧದಷ್ಟು ಹಾಡುಗಳು ಬೇರೆಯವರ ಕಂಠದಲ್ಲಿ ಮೊದಲೇ ಗೆದ್ದಿದ್ದವು, ಜೊತೆಗೆ ಗಾಯಕ ಜೇಮ್ಸ್ ಟೇಲರ್ ಅವರ ಹೆಸರಿನ ಬಲವಿತ್ತು, ಆದ್ದರಿಂದ ಅದರ ಯಶಸ್ಸು ಎರವಲಿನದು. ‘ಸಾಫ್ಟ್ ರಾಕ್’ ಎಂಬ ಮೆದು ದನಿಯ ಶೈಲಿ ರಾಕ್ ನುಡಿಸುವ ಧೈರ್ಯವಿಲ್ಲದವರ ಸಂಗೀತ. ಇವು ತಮ್ಮ ಆಕ್ಷೇಪಗಳು. ಕೊನೆಯಲ್ಲಿ ಮುಖಪುಟದ ಬೆಕ್ಕಿನ ಬಗ್ಗೆಯೂ ವಿಚಾರಿಸಿದ್ದೀರಿ.

ಮೊದಲನೆಯದನ್ನು ಒಪ್ಪಿಕೊಳ್ಳುತ್ತೇವೆ. ಹನ್ನೆರಡರ ಸ್ವರ ಸಂಯೋಜನೆಯಲ್ಲೂ ಆಕೆಯ ಕೈಯಿದೆ. ಆದರೆ ಸಾಹಿತ್ಯವೂ ಸಂಗೀತವೂ ಸಂಪೂರ್ಣವಾಗಿ ಆಕೆಯದೇ ಆಗಿರುವ ಹಾಡುಗಳು ಏಳು ಮಾತ್ರ. ‘ಇಟ್ಸ್ ಟೂ ಲೇಟ್’ ಮತ್ತು ‘ವೇರ್ ಯು ಲೀಡ್’ ಹಾಡುಗಳಲ್ಲಿ ಗೀತಸಾಹಿತಿ ಟೋನಿ ಸ್ಟರ್ನ್ ಪಾಲಿದೆ, ಉಳಿದ ಮೂರರಲ್ಲಿ ಮಾಜಿ ಪತಿ ಜೆರಿ ಗಾಫಿನ್ ಪಾಲಿದೆ. ಕವಿ, ಸಂಯೋಜಕ, ಗಾಯಕ ಮೂವರನ್ನೂ ಬೇರೆ ಬೇರೆಯಾಗಿ ಹೆಸರಿಸುವುದು ಭಾವಗೀತೆ ಕೇಳಿ ಬೆಳೆದ ನಮಗೆ ರೂಢಿಯಾಗಿರಬೇಕಿತ್ತು. ಈ ಎಚ್ಚರ ತಪ್ಪಿದ್ದಕ್ಕೆ ನೆಪ ಹೇಳುವುದಿಲ್ಲ.

ಎರಡನೆಯ ಮಾತನ್ನು ಮಾತ್ರ ಲೆಕ್ಕ ಒಪ್ಪುವುದಿಲ್ಲ. ಬೇರೆಯವರ ಕಂಠದಲ್ಲಿ ಆ ಮೊದಲೇ ಜನಪ್ರಿಯವಾಗಿದ್ದ ಹಾಡುಗಳು ಎರಡೇ: ಶಿರೆಲ್ಸ್ ತಂಡ 1960ರಲ್ಲಿ ಹಾಡಿದ ‘ವಿಲ್ ಯು ಲವ್ ಮಿ ಟುಮಾರೊ’ ಮತ್ತು ಅರೀಥಾ ಫ್ರಾಂಕ್ಲಿನ್ 1967ರಲ್ಲಿ ಹಾಡಿದ ‘ನ್ಯಾಚುರಲ್ ವುಮನ್’. ಇನ್ನು ಟೇಲರ್. ಈ ಆಲ್ಬಮ್ಮಿನಲ್ಲಿ ಗಿಟಾರ್ ನುಡಿಸಿದ್ದಲ್ಲದೆ, ವೇದಿಕೆಯೆಂದರೆ ಅಂಜುತ್ತಿದ್ದ ಕಿಂಗ್ ಅವರನ್ನು ಸ್ವತಃ ಹಾಡುವಂತೆ ಹುರಿದುಂಬಿಸಿದವರೂ ಅವರೇ ಎಂಬುದು ನಿಜ. ಆದರೆ ‘ಟ್ಯಾಪೆಸ್ಟ್ರಿ’ ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದದ್ದು 1971ರ ಜೂನ್‌ನಲ್ಲಿ. ಟೇಲರ್ ಹಾಡಿದ ‘ಯು ಹ್ಯಾವ್ ಗಾಟ್ ಎ ಫ್ರೆಂಡ್’ ಹಾಡುಗಳ ಪಟ್ಟಿಯ ತುದಿ ಮುಟ್ಟಿದ್ದು ಜುಲೈ ಕೊನೆಯಲ್ಲಿ. ಆ ಹಾಡೂ ಕಿಂಗ್ ಅವರದೇ. ಎರವಲು ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ತಾವೇ ನಿರ್ಣಯಿಸಬಹುದು.

ಮೂರನೆಯ ಆಕ್ಷೇಪಕ್ಕೆ ಉತ್ತರ ತುಸು ದೀರ್ಘವಾಗುತ್ತದೆ, ಏಕೆಂದರೆ ಈ ಆಲ್ಬಮ್ಮಿನ ಮೆದುತನ ಹೇಗೆ ಬಂತೆಂಬುದರಲ್ಲೇ ಅದರ ಕಥೆ ಇದೆ. ಬ್ರೂಕ್ಲಿನ್‌ನಲ್ಲಿ ಬೆಳೆದ ಕಿಂಗ್ ಹದಿಹರೆಯ ಮುಗಿಯುವ ಮೊದಲೇ ನ್ಯೂಯಾರ್ಕ್‌ನ ಸಂಗೀತ ಪ್ರಕಾಶನ ಸಂಸ್ಥೆಯೊಂದಕ್ಕೆ ಗಾಫಿನ್ ಜೊತೆ ಸೇರಿ ಹಾಡು ಕಟ್ಟುತ್ತಿದ್ದರು. ಅಲ್ಲಿಯ ಪದ್ಧತಿಯಂತೆ, ಕಟ್ಟಿದ ಹಾಡನ್ನು ಯಾರಾದರೂ ಗಾಯಕರು ಆರಿಸಿಕೊಳ್ಳಲೆಂದು ತಾವೇ ಪಿಯಾನೊ ನುಡಿಸಿ, ಹಾಡಿ, ‘ಡೆಮೊ’ ಎಂಬ ಮಾದರಿ ಮುದ್ರಣ ಮಾಡಿಕೊಡುತ್ತಿದ್ದರು. ಮದುವೆ ಮುರಿದು, ಇಬ್ಬರು ಹೆಣ್ಣುಮಕ್ಕಳೊಂದಿಗೆ ಲಾಸ್ ಏಂಜಲೀಸ್‌ಗೆ ಬಂದ ಮೇಲೆ ಆಕೆ 1970ರಲ್ಲಿ ತಂದ ‘ರೈಟರ್’ ಆಲ್ಬಂ ಹೆಚ್ಚು ಮಾರಾಟವಾಗಲಿಲ್ಲ. ಮುಂದಿನದನ್ನು ಕೈಗೆತ್ತಿಕೊಂಡ ನಿರ್ಮಾಪಕ ಲೂ ಆಡ್ಲರ್ ಆ ಡೆಮೊಗಳನ್ನು ಬಹಳ ಹಿಂದಿನಿಂದ ಬಲ್ಲವರು. ಆಕೆ ಪಕ್ಕದಲ್ಲೇ ಪಿಯಾನೊ ಮುಂದೆ ಕೂತು ಹಾಡುತ್ತಿದ್ದಾರೆ ಎನ್ನಿಸುವ ಅವುಗಳ ಗುಣವೇ ಆಲ್ಬಮ್ಮಿನಲ್ಲೂ ಉಳಿಯಬೇಕೆಂಬುದು ಅವರ ಹಟವಾಗಿತ್ತು.

1971ರ ಜನವರಿಯಲ್ಲಿ ಹಾಲಿವುಡ್‌ನ ಎ ಅಂಡ್ ಎಂ ಸ್ಟುಡಿಯೋದಲ್ಲಿ ಕೆಲವೇ ವಾರಗಳಲ್ಲಿ ಕೆಲಸ ಮುಗಿಯಿತು. ಗಿಟಾರ್‌ಗೆ ಡ್ಯಾನಿ ಕೋರ್ಚ್‌ಮಾರ್, ಬೇಸ್‌ಗೆ ಆಗಿನ ಪತಿ ಚಾರ್ಲ್ಸ್ ಲಾರ್ಕಿ ಹೀಗೆ ಕೂಡಿದವರು ಬಹುಪಾಲು ಪರಿಚಿತರೇ. ಪಿಯಾನೊ ಮುಂದೆ, ಉಳಿದ ವಾದ್ಯಗಳು ಅದರ ಹಿಂದೆ. ‘ನ್ಯಾಚುರಲ್ ವುಮನ್’ ಹಾಡಿನಲ್ಲಿ ಆಕೆಯ ದನಿ, ಪಿಯಾನೊ, ಲಾರ್ಕಿಯ ಬೇಸ್ ಬಿಟ್ಟರೆ ಬೇರೇನೂ ಇಲ್ಲ. ಅರೀಥಾ ಅವರ ಕಂಠದಲ್ಲಿ ಆ ಹಾಡು ಏನಾಗಿತ್ತೆಂದು ಬಲ್ಲ ಒಬ್ಬಾಕೆ, ಅಷ್ಟು ದೊಡ್ಡ ದನಿ ತನ್ನದಲ್ಲವೆಂದೂ ತಿಳಿದು, ಮರೆಗೆ ನಿಲ್ಲಲು ಒಂದು ಡ್ರಮ್ಮನ್ನೂ ಇಟ್ಟುಕೊಳ್ಳದೆ ಹಾಡುವುದನ್ನು ಧೈರ್ಯವಿಲ್ಲದ ಕೆಲಸವೆಂದು ಹೇಗೆ ಹೇಳುವುದು? ‘ವಿಲ್ ಯು ಲವ್ ಮಿ ಟುಮಾರೊ’ ಇನ್ನೂ ಒಳ್ಳೆಯ ಸಾಕ್ಷಿ. ನಾಳೆಯೂ ನನ್ನನ್ನು ಪ್ರೀತಿಸುವೆಯಾ ಎಂಬ ಅದರ ಪ್ರಶ್ನೆ ಶಿರೆಲ್ಸ್ ಹಾಡಿದಾಗ ಓಡುವ ಲಯದಲ್ಲಿ ಹುಡುಗಿಯರ ಕಾತರವಾಗಿ ಕೇಳಿಸುತ್ತಿತ್ತು. ಹದಿನೆಂಟರಲ್ಲಿ ತಾನೇ ಕಟ್ಟಿದ ಆ ಹಾಡನ್ನು ಇಪ್ಪತ್ತೆಂಟರಲ್ಲಿ ಕಿಂಗ್ ಲಯ ತಗ್ಗಿಸಿ ಹಾಡಿದಾಗ, ಉತ್ತರ ಏನೆಂದು ಆಗಲೇ ಕಂಡುಕೊಂಡ ಹೆಂಗಸು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿರುವಂತಿದೆ. ಹಿಂದಿನಿಂದ ದನಿಗೂಡಿಸಿದವರು ಟೇಲರ್ ಮತ್ತು ಗಾಯಕಿ ಜೋನಿ ಮಿಚೆಲ್. ಇಬ್ಬರೂ ತಗ್ಗಿದ ದನಿಯಲ್ಲೇ ಇದ್ದಾರೆ. (ನಮ್ಮ ‘ಸುಗಮ ಸಂಗೀತ’ವನ್ನೂ ಹೆಸರು ನಂಬಿ ಸುಲಭದ್ದೆಂದು ಹಾಡಹೊರಟವರು ಪಟ್ಟ ಪಾಡನ್ನು ತಾವೂ ಕಂಡಿರಬಹುದು.)

ಸ್ವಾಗತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫೆಬ್ರವರಿಯಲ್ಲಿ, ಆಕೆಗೆ ಇಪ್ಪತ್ತೊಂಬತ್ತು ತುಂಬಿದ ಮರುದಿನ ಬಿಡುಗಡೆಯಾದ ಆಲ್ಬಂ ಹದಿನೈದು ವಾರ ಮೊದಲ ಸ್ಥಾನದಲ್ಲಿತ್ತು. 1972ರಲ್ಲಿ ವರ್ಷದ ಆಲ್ಬಂ, ವರ್ಷದ ಮುದ್ರಿಕೆ, ವರ್ಷದ ಹಾಡು ಸೇರಿ ನಾಲ್ಕು ಗ್ರ್ಯಾಮಿ ಸಂಗೀತ ಪ್ರಶಸ್ತಿಗಳು ಬಂದವು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ವಿಮರ್ಶಕ ಜಾನ್ ಲಾಂಡೌ ಮೆಚ್ಚಿ ಬರೆದರು. ತಮ್ಮಂತೆ ಈ ಬಗೆಯ ಹಾಡುಗಾರಿಕೆಯನ್ನು ಸಹಿಸದ ವಿಮರ್ಶಕರೂ ಆಗ ಇದ್ದರು; ಲೆಸ್ಟರ್ ಬ್ಯಾಂಗ್ಸ್ ಅದೇ ವರ್ಷ ಟೇಲರ್ ಮೇಲೆ ಕೆಂಡ ಕಾರಿದ್ದುಂಟು. ನಂತರ ಬಂದ ಎಷ್ಟೋ ಸಾಫ್ಟ್ ರಾಕ್ ಆಲ್ಬಮ್ಮುಗಳು ಬರಿಯ ಸಕ್ಕರೆ ಪಾಕವಾಗಿದ್ದವು ಎಂಬ ತಮ್ಮ ಮಾತಿಗೆ ನಮ್ಮ ತಕರಾರಿಲ್ಲ, ಆದರೆ ಆ ದೂರನ್ನು ‘ಟ್ಯಾಪೆಸ್ಟ್ರಿ’ಯ ತಲೆಗೆ ಕಟ್ಟುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಹಾಡುಗಳ ಕರ್ತೃತ್ವದ ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಪ್ರಕಟವಾಗುತ್ತದೆ. ಮುಖಪುಟದ ಚಿತ್ರವನ್ನು ಲಾಸ್ ಏಂಜಲೀಸ್‌ನ ಲಾರೆಲ್ ಕ್ಯಾನ್ಯನ್ ಬಡಾವಣೆಯ ಆಕೆಯ ಮನೆಯಲ್ಲೇ ಜಿಮ್ ಮೆಕ್ರೇರಿ ತೆಗೆದರು. ಕಿಟಕಿಯ ಬಳಿ ಕುಳಿತ ಆಕೆಯ ಮುಂದಿರುವುದು ಸಾಕಿದ ಬೆಕ್ಕು, ಹೆಸರು ಟೆಲೆಮಾಕಸ್.

ಇಂತಿ,
ಸಂಪಾದಕ