ಸಮುದ್ರವನ್ನೇ ನೋಡದ ಬಯಲುಸೀಮೆಯವರು ಸಾಗರಶಾಸ್ತ್ರ ಓದಬಹುದೇ? ಮೊದಲು ಕೆಲವು ತಿಂಗಳು ಕರಾವಳಿಯಲ್ಲಿ ಇದ್ದು ಬರಬೇಕೇ?

ನೀವು ಗೌರಿಬಿದನೂರಿನವರು, ಬಿಎಸ್ಸಿ ಮುಗಿಸಿದ್ದೀರಿ, ಪ್ರವೇಶ ಪರೀಕ್ಷೆಗೆ ಮೊದಲು ಆರು ತಿಂಗಳು ಮಲ್ಪೆಯಲ್ಲಿ ಕೋಣೆ ಹಿಡಿದು ಸಮುದ್ರವನ್ನು ಅರಿತುಕೊಳ್ಳಬೇಕು ಎಂದಿದ್ದೀರಿ. ಹೋಗಬೇಡಿ. ನಾನು ಹೋಗಿದ್ದೆ. ಅದೇ ಮಲ್ಪೆಗೆ, ಇದೇ ಕಾರಣಕ್ಕೆ.

ನನ್ನದು ಬಂಗಾರಪೇಟೆ ಪಕ್ಕದ ಹಳ್ಳಿ. ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸಕ್ಕಿದ್ದರು. ನಮಗೆ ನೀರು ಎಂದರೆ ಕೊಳವೆಬಾವಿ, ಟ್ಯಾಂಕರ್, ಕೆರೆ ತುಂಬಿದ ವರ್ಷ, ತುಂಬದ ವರ್ಷ. ಸಮುದ್ರ ಇದ್ದದ್ದು ಶಾಲೆಯ ಗೋಡೆಯ ನಕ್ಷೆಯಲ್ಲಿ ಮಾತ್ರ. ನೆಲದ ಮೇಲೆ ಬೆಟ್ಟ, ನದಿ, ಊರು ಎಲ್ಲ ತೋರಿಸಿ, ನೀರಿನ ಜಾಗದಲ್ಲಿ ಬರಿಯ ನೀಲಿ ಬಳಿದು ಬಿಟ್ಟಿದ್ದರು. ಆ ನೀಲಿಯ ಕೆಳಗೆ ಏನಿದೆ ಎಂಬುದು ನನ್ನನ್ನು ಹುಡುಗುತನದಿಂದಲೂ ಕಾಡಿತ್ತು. 1996ರಲ್ಲಿ ಪದವಿ ಮುಗಿದಾಗ ನಿಮ್ಮ ಅಳುಕೇ ನನಗೂ ಬಂತು. ಮಂಗಳೂರು, ಕಾರವಾರದವರು ಹುಟ್ಟಿನಿಂದ ಸಮುದ್ರ ಕಂಡವರು, ನಾನು ಅವರ ಸಮಕ್ಕೆ ಹೇಗೆ ನಿಲ್ಲಲಿ? ಮಲ್ಪೆಯ ಒಂದು ಐಸ್ ಪ್ಲಾಂಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದೆ. ಏಳು ತಿಂಗಳು ಇದ್ದೆ. ಬೆಳಿಗ್ಗೆ ಸಂಜೆ ದಡದಲ್ಲಿ ಕೂತೆ, ಮೊಣಕಾಲಿನವರೆಗೆ ನೀರಿಗೆ ಇಳಿದೆ, ದೋಣಿಯವರ ಜೊತೆ ನಾಲ್ಕು ಸಲ ಹೋಗಿಬಂದೆ. ಗಣಿತ, ಭೌತಶಾಸ್ತ್ರದ ಪುಸ್ತಕಗಳು ಟ್ರಂಕಿನಲ್ಲೇ ಉಳಿದವು.

ಸಾಗರಶಾಸ್ತ್ರದ ಪ್ರವೇಶ ಸಂದರ್ಶನದಲ್ಲಿ ಮೂವರಿದ್ದರು. ಹಿರಿಯರೊಬ್ಬರು ನನ್ನ ವಿಳಾಸ ನೋಡಿ ಪ್ರೀತಿಯಿಂದಲೇ ಕೇಳಿದರು: "ನಿಮ್ಮ ಕಡೆಯ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್ ಕೆಳಗೆ ಹೇಗಿರುತ್ತದೆ?" ನನಗೆ ಎದೆ ಉಬ್ಬಿತು. ಬಂಡೆ ಮುಟ್ಟಲಾಗದಷ್ಟು ಬಿಸಿ, ಗಣಿಗೆ ಇಳಿಸುವ ಕೇಜ್‌ನಿಂದ ಹೊರಬಂದ ಕೂಡಲೇ ಅಂಗಿ ತೊಯ್ದು ಹೋಗುತ್ತದೆ ಎಂದು ಅಪ್ಪ ಹೇಳಿದ್ದನ್ನೆಲ್ಲ ಹೇಳಿದೆ. "ಅರಬ್ಬಿ ಸಮುದ್ರದಲ್ಲಿ ಅಷ್ಟೇ ಆಳಕ್ಕೆ ಇಳಿದರೆ?" "ಅಲ್ಲಿಯೂ ಬಿಸಿಯೇ ಸರ್. ಮೇಲೆಯೇ ಇಪ್ಪತ್ತೆಂಟು ಡಿಗ್ರಿ ಇರುತ್ತದೆ. ಕೆಳಗೆ ನಲವತ್ತಾದರೂ ದಾಟಬೇಕು."

ಅವರು ಏನೂ ಅನ್ನಲಿಲ್ಲ. ಅರ್ಜಿಯನ್ನು ಮಡಚಿದರು.

ಆ ಉತ್ತರವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಆ ಆಳದಲ್ಲಿ ನೀರು ಸುಮಾರು 2 ಡಿಗ್ರಿ ಇರುತ್ತದೆ. ನನಗೆ ಎರಡು ಅನುಭವಗಳಿದ್ದವು. ಅಪ್ಪನ ಗಣಿಯ ಸೆಕೆ ನಿಜ, ಮಲ್ಪೆಯಲ್ಲಿ ನನ್ನ ಕಾಲು ತೋಯಿಸಿದ ಬೆಚ್ಚನೆಯ ನೀರೂ ನಿಜ. ಎರಡು ನಿಜಗಳನ್ನು ಕೂಡಿಸಿ ಒಂದು ಸುಳ್ಳು ಕಟ್ಟಿದೆ. ನೆಲ ಕಾಯುವುದು ಒಳಗಿನಿಂದ, ಸಮುದ್ರ ಕಾಯುವುದು ಮೇಲಿನಿಂದ. ಹಂಡೆಯ ಕೆಳಗೆ ಉರಿ ಹಾಕಿದರೆ ತಳದ ನೀರು ಬಿಸಿಯಾಗಿ ಮೇಲೇಳುತ್ತದೆ, ಇಡೀ ಹಂಡೆ ಕಾಯುತ್ತದೆ. ಬಿಸಿಲು ಹಂಡೆಯ ಬಾಯಿಗೆ ಬಿದ್ದರೆ ಮೇಲಿನ ನೀರಷ್ಟೇ ಬೆಚ್ಚಗಾಗುತ್ತದೆ, ಹಗುರವಾದ್ದರಿಂದ ಅಲ್ಲೇ ತೇಲುತ್ತದೆ. ನಮ್ಮ ಉಷ್ಣವಲಯದ ಸಮುದ್ರಗಳಲ್ಲಿ ಮೊದಲ ಒಂದು ಸಾವಿರ ಮೀಟರ್ ಇಳಿಯುವಷ್ಟರಲ್ಲೇ ಬಿಸಿಯ ಬಹುಪಾಲು ಮುಗಿದುಹೋಗುತ್ತದೆ. ಹಾಗಾದರೆ ತಳದ ಚಳಿ ಎಲ್ಲಿಂದ ಬಂತು? ಅಂಟಾರ್ಕ್ಟಿಕಾದ ಅಂಚಿನಲ್ಲಿ, ಉತ್ತರ ಅಟ್ಲಾಂಟಿಕ್‌ನಲ್ಲಿ ಚಳಿಗಾಲದಲ್ಲಿ ತಣ್ಣಗಾಗಿ ಭಾರವಾದ ನೀರು ಮುಳುಗಿ, ತಳದುದ್ದಕ್ಕೂ ನಿಧಾನವಾಗಿ ಹರಡುತ್ತದೆ. ಹಿಂದೂ ಮಹಾಸಾಗರದ ಉತ್ತರದ ಬಾಗಿಲನ್ನು ಏಷ್ಯಾ ಖಂಡವೇ ಮುಚ್ಚಿದೆ, ಆದ್ದರಿಂದ ಅರಬ್ಬಿ ಸಮುದ್ರದ ತಳಕ್ಕೆ ಆ ತಣ್ಣೀರು ಬರುವುದು ದಕ್ಷಿಣದಿಂದ. ಮಲ್ಪೆಯ ಮೀನುಗಾರರ ದೋಣಿಯ ಕೆಳಗೆ ಕಾಲು ಕಿಲೋಮೀಟರ್ ನೀರೂ ಇರಲಿಲ್ಲ. ಅದು ಖಂಡಾವರಣ ಪ್ರದೇಶ, ಎಂದರೆ ನಮ್ಮ ನೆಲದ್ದೇ ಮುಳುಗಿದ ಅಂಚು. ಆ ಅಂಚಿನ ಮೇಲೆ ಏಳು ತಿಂಗಳು ಕೂತು ನಾನು ಸಾಗರ ಕಂಡೆ ಎಂದುಕೊಂಡಿದ್ದೆ.

ಇದು ಹೊಸ ವಿಷಯವೂ ಆಗಿರಲಿಲ್ಲ. 1751ರಲ್ಲಿ ಹೆನ್ರಿ ಎಲ್ಲಿಸ್ ಎಂಬ ಕಪ್ತಾನ ಅಟ್ಲಾಂಟಿಕ್‌ನ ಬಿಸಿ ಪ್ರದೇಶದಲ್ಲಿ ಕವಾಟವಿದ್ದ ಬಕೆಟ್ಟನ್ನು ಹಗ್ಗ ಕಟ್ಟಿ ಒಂದೂವರೆ ಕಿಲೋಮೀಟರಿಗೂ ಆಳಕ್ಕೆ ಇಳಿಸಿದ. ಮೇಲೆ ಬಂದ ನೀರು ತಣ್ಣಗಿತ್ತು. ಅವನ ಹಡಗು ಗುಲಾಮರನ್ನು ಸಾಗಿಸುವಂಥದ್ದು ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳದೆ ನಾನು ಮುಂದೆ ಹೋಗುವುದಿಲ್ಲ. ಆ ತಣ್ಣೀರು ಧ್ರುವಗಳ ಕಡೆಯಿಂದಲೇ ಹರಿದು ಬರಬೇಕು ಎಂದು ರಮ್‌ಫೋರ್ಡ್ ಎಂಬ ವಿಜ್ಞಾನಿ ಆ ಶತಮಾನ ಮುಗಿಯುವ ಮುನ್ನವೇ ವಾದಿಸಿದ್ದ. 1872ರಿಂದ 1876ರವರೆಗೆ ಚಾಲೆಂಜರ್ ಎಂಬ ಬ್ರಿಟಿಷ್ ಸಂಶೋಧನಾ ಹಡಗು ಲೋಕದ ಸಾಗರಗಳನ್ನು ಸುತ್ತುತ್ತಾ ನಿಂತ ನಿಂತಲ್ಲಿ ಸೆಣಬಿನ ಹಗ್ಗ ಇಳಿಸಿ ಆಳ ಅಳೆಯಿತು, ಉಷ್ಣತೆ ನೋಡಿತು. 1875ರಲ್ಲಿ ಮರಿಯಾನಾ ದ್ವೀಪಗಳ ಬಳಿ ಅದರ ಹಗ್ಗ ಎಂಟು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಇವೆಲ್ಲ ನನ್ನ ಕಾಲೇಜಿನ ಗ್ರಂಥಾಲಯದಲ್ಲೇ ಇದ್ದವು. ನಾನು ಐಸ್ ಪ್ಲಾಂಟ್‌ನಲ್ಲಿದ್ದೆ.

ಸಮುದ್ರ ಕಂಡವರಿಗೆ ಸಮುದ್ರ ಹೆಚ್ಚು ತಿಳಿದಿರುತ್ತದೆ ಎಂಬ ನಿಮ್ಮ ಊಹೆಯನ್ನೇ ನಾನು ಒಪ್ಪುವುದಿಲ್ಲ. ಮೀನುಗಾರರಿಗೆ ತಿಳಿದದ್ದು ದೊಡ್ಡದು, ನೀರಿನ ಬಣ್ಣ ನೋಡಿ ಮೀನಿನ ಜಾಗ ಹೇಳುವವರನ್ನು ಕಂಡಿದ್ದೇನೆ. ಆದರೆ ಅದು ಒಂದು ಜನ್ಮದ ಕಸುಬಿನ ವಿದ್ಯೆ, ಆರು ತಿಂಗಳ ಬಾಡಿಗೆಗೆ ಸಿಗುವಂಥದ್ದಲ್ಲ. ದಡದಲ್ಲಿ ನಿಂತವರ ಕಣ್ಣು ಹೋಗುವುದು ಸುಮಾರು ಐದು ಕಿಲೋಮೀಟರ್, ಅದೂ ಮೇಲ್ಮೈ ಮಾತ್ರ. ಸಾಗರಗಳ ಸರಾಸರಿ ಆಳ ಸುಮಾರು 3,700 ಮೀಟರ್, ನಮ್ಮ ಚಾಂಪಿಯನ್ ರೀಫ್‌ನ ತಳಕ್ಕಿಂತ ಇನ್ನೂ ಅರ್ಧ ಕಿಲೋಮೀಟರ್ ಕೆಳಗೆ. ಅದನ್ನು ಯಾರೂ ಕಣ್ಣಿನಿಂದ ಅರಿತಿಲ್ಲ. ಹಗ್ಗದಿಂದ, ಪ್ರತಿಧ್ವನಿಯಿಂದ, ಲೆಕ್ಕದಿಂದ ಅರಿತಿದ್ದಾರೆ.

ಸಾಗರತಳದ ನಕ್ಷೆ ಬರೆದ ಅಮೆರಿಕದ ಭೂವಿಜ್ಞಾನಿ ಮೇರಿ ಥಾರ್ಪ್ ಅವರನ್ನು ನೆನೆಯಿರಿ. ಹೆಂಗಸು ಎಂಬ ಕಾರಣಕ್ಕೆ ಅವರನ್ನು ಸಂಶೋಧನಾ ಹಡಗಿಗೆ ಹತ್ತಿಸಲಿಲ್ಲ. ಹಡಗಿನವರು ತಂದ ಆಳದ ಅಂಕಿಗಳನ್ನು ನ್ಯೂಯಾರ್ಕ್ ಬಳಿ ಮೇಜಿನ ಮೇಲೆ ಹರಡಿಕೊಂಡು ಅಟ್ಲಾಂಟಿಕ್‌ನ ಅಡ್ಡಕೊಯ್ತಗಳನ್ನು, ಎಂದರೆ ತಳವನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಏರಿಳಿತದ ಗೆರೆಗಳನ್ನು, ಬರೆದರು. ಸಾಗರದ ನಡುವೆ ನೀರಿನಡಿ ಇರುವ ಪರ್ವತಶ್ರೇಣಿಯ ನೆತ್ತಿಯಲ್ಲಿ ಸೀಳು ಕಣಿವೆಯೊಂದು ಕೊಯ್ತದಿಂದ ಕೊಯ್ತಕ್ಕೆ ಮರುಕಳಿಸುವುದನ್ನು 1950ರ ದಶಕದ ಆರಂಭದಲ್ಲಿ ಕಂಡುಹಿಡಿದರು. ಜೊತೆಗಾರ ಬ್ರೂಸ್ ಹೀಜನ್ ಮೊದಲು ಅದನ್ನು ಹೆಂಗಸರ ಹರಟೆ ಎಂದು ತಳ್ಳಿಹಾಕಿದರು. ಆಮೇಲೆ ಭೂಕಂಪಗಳ ಕೇಂದ್ರಗಳನ್ನು ಗುರುತಿಸಿದ ನಕ್ಷೆ ಇಟ್ಟು ನೋಡಿದರೆ ಅವೆಲ್ಲ ಅದೇ ಕಣಿವೆಯ ಗುಂಟ ಸಾಲಾಗಿ ಕೂತಿದ್ದವು. ಆ ಭೂಕಂಪಗಳನ್ನು ಕೇಳಿಸಿಕೊಂಡದ್ದು ನೆಲದ ಮೇಲಿನ ಉಪಕರಣಗಳು. ನಿಮ್ಮ ಗೌರಿಬಿದನೂರಿನಲ್ಲೇ 1960ರ ದಶಕದಿಂದ ಭೂಕಂಪನಗಳನ್ನು ಆಲಿಸುವ ಉಪಕರಣಗಳ ಸಾಲು ಇದೆ. ಊರಿನಲ್ಲಿ ಅದನ್ನು ಇಟ್ಟುಕೊಂಡು ನೀವು ಸಾಗರ ಹುಡುಕಿಕೊಂಡು ಮಲ್ಪೆಗೆ ಹೊರಟಿದ್ದೀರಿ! ನಮ್ಮ ದೇಶದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿರುವುದು ಎಲ್ಲಿ ಗೊತ್ತೇ? ಹೈದರಾಬಾದಿನಲ್ಲಿ. ಅಲ್ಲಿಂದಲೂ ಸಮುದ್ರ ಕಾಣುವುದಿಲ್ಲ.

ಆ ಸಂದರ್ಶನದ ಮಾತನ್ನು ಅಪ್ಪನಿಗೆ ಹೇಳಲು ನನಗೆ ವಾರ ಹಿಡಿಯಿತು. ಸೀಟು ಹೋದದ್ದರ ಬಗ್ಗೆ ಅವರು ಏನೂ ಕೇಳಲಿಲ್ಲ. "ಅಷ್ಟು ಆಳದಲ್ಲಿ ತಣ್ಣಗಿರುತ್ತದೆಯೇ?" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಗಣಿ ಮುಚ್ಚುವ ಮಾತು ಆಗಲೇ ಎದ್ದಿತ್ತು, ಇನ್ನೊಂದು ವರ್ಷ ಕಾಯುವ ಸ್ಥಿತಿ ಮನೆಯಲ್ಲಿ ಇರಲಿಲ್ಲ. ನಾನು ಬಿಎಡ್ ಮಾಡಿ ಮೇಷ್ಟರ ಕೆಲಸ ಹಿಡಿದೆ.

ನೀವು ಮಾಡಬೇಕಾದದ್ದು ಇಷ್ಟು. ಗಣಿತದಲ್ಲಿ ಹಿಂದಿದ್ದೀರಿ ಎಂದು ಒಂದು ಸಾಲಿನಲ್ಲಿ ಬರೆದು ದಾಟಿಹೋಗಿದ್ದೀರಿ. ನಿಮ್ಮ ನಿಜವಾದ ತೊಂದರೆ ಅದೇ. ಆ ಆರು ತಿಂಗಳನ್ನು ಅದಕ್ಕೆ ಕೊಡಿ, ಭೌತಶಾಸ್ತ್ರದಲ್ಲಿ ಶಾಖ ಮತ್ತು ದ್ರವಗಳ ಪಾಠವನ್ನು ಮೊದಲಿನಿಂದ ಓದಿ. ಆರ್ಗೋ ಎಂಬ ತೇಲುಯಂತ್ರಗಳು ಲೋಕದ ಸಾಗರಗಳಲ್ಲಿ ಸುಮಾರು ನಾಲ್ಕು ಸಾವಿರ ಇವೆ. ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳದಿಂದ ಮೇಲೆ ಬರುತ್ತಾ ಉಷ್ಣತೆ, ಲವಣಾಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಆ ಅಂಕಿಗಳು ಉಚಿತ. ಅರಬ್ಬಿ ಸಮುದ್ರದ ಒಂದು ಯಂತ್ರದ ಅಂಕಿಗಳನ್ನು ತೆಗೆದು ಗ್ರಾಫ್ ಹಾಳೆಯಲ್ಲಿ ನಿಮ್ಮ ಕೈಯಿಂದಲೇ ಬರೆಯಿರಿ. ಗೆರೆ ಎಲ್ಲಿ ಬಾಗುತ್ತದೆ, ಏಕೆ ಬಾಗುತ್ತದೆ ಎಂದು ನಿಮ್ಮ ಮಾತಿನಲ್ಲಿ ಹೇಳಲು ಬಂದ ದಿನ ಅರ್ಜಿ ಹಾಕಿ.

ಕೋಣೆಗೆ ಮುಂಗಡ ಕೊಟ್ಟಿದ್ದರೆ ಈ ವಾರವೇ ವಾಪಸ್ ಕೇಳಿ. ಮಳೆಗಾಲ ಮುಗಿದು ದೋಣಿಗಳು ಕಡಲಿಗೆ ಇಳಿದ ಮೇಲೆ ಬಾಡಿಗೆಗೆ ಬರುವವರು ಬಹಳ ಜನ, ಈಗ ಕೇಳಿದರೆ ಮಾಲೀಕರು ತಕರಾರು ಮಾಡುವುದಿಲ್ಲ.