ಸಂಪಾದಕರ ಉತ್ತರ: ಜಗಳ ಶುರುವಾದದ್ದು ಒಂಬತ್ತು ಗಂಟೆಗೆ

ಹೆಸರು ಪ್ರಕಟಿಸಬಾರದೆಂದು ಕೋರಿ ಸ್ಟಾಫ್ ನರ್ಸ್ ಒಬ್ಬರು ಬರೆದಿರುವ ಪತ್ರದ ಸಾರ ಇಷ್ಟು: ‘ಮನೋರೋಗ ವಾರ್ಡುಗಳಲ್ಲಿ ಮಕ್ಕಳನ್ನು ಕಟ್ಟಿಹಾಕಬಾರದು, ಕೂಡಿಹಾಕಬಾರದು ಎಂದು ಕಳೆದ ಸಂಚಿಕೆಯ ಲೇಖನ ಉಪದೇಶಿಸಿದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ನಾನು ಮತ್ತು ಒಬ್ಬ ಸಹಾಯಕ. ನಿಯಮದಂತೆ ಒಂಬತ್ತಕ್ಕೆ ಟಿ.ವಿ. ಆರಿಸಿದ್ದೇ ತಡ, ಹದಿನೈದರ ಹುಡುಗ ಊಟದ ತಟ್ಟೆ ಎಸೆದ, ಸಹಾಯಕನ ಕೈ ಕಚ್ಚಿದ. ಅವನ ತಾಯಿಯೇ ಕಾಲು ಹಿಡಿದುಕೊಂಡರು, ಮಂಚಕ್ಕೆ ಕಟ್ಟಿದೆವು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’

ಪ್ರಿಯ ಸಹೋದರಿ,

ತಟ್ಟೆ ಹಾರಿ, ಕೈಯಲ್ಲಿ ರಕ್ತ ಬಂದ ಮೇಲೆ ನಾನೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಆ ಗಳಿಗೆಯ ಬಗ್ಗೆ ನನ್ನ ತಕರಾರಿಲ್ಲ, ಇರುವುದು ಒಂಬತ್ತು ಗಂಟೆಯ ಬಗ್ಗೆ. ಕಾರ್ಯಕ್ರಮ ಮುಗಿಯಲು ಹತ್ತು ನಿಮಿಷವಿದ್ದರೆ ಬಿಟ್ಟುಕೊಡುವ ಅಧಿಕಾರ ನಿಮಗಿತ್ತೇ? ಟಿ.ವಿ. ಆರಿದರೆ ಈ ಹುಡುಗ ಕೆರಳುತ್ತಾನೆ ಎಂಬುದನ್ನು ಹಗಲು ಪಾಳಿಯವರು ನಿಮಗೆ ಹೇಳಿದ್ದರೇ?

1998ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮನೋವೈದ್ಯಕೀಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಬೇರೆ ಮೇಜಿಗೆ ಹೋಗಿ ಕೂರಲು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಇಬ್ಬರು ಸಿಬ್ಬಂದಿ ಅವನನ್ನು ಕೆಡವಿ ಅದುಮಿ ಹಿಡಿದರು. ಬೆನ್ನ ಮೇಲೆ ದೊಡ್ಡವರ ಭಾರ ಬಿದ್ದರೆ ಎಳೆಯ ಎದೆಗೂಡು ಹಿಗ್ಗಲಾರದು. ಹುಡುಗ ಉಸಿರುಕಟ್ಟಿ ಸತ್ತ. ಇದರ ಬೆನ್ನುಹತ್ತಿದ ‘ಹಾರ್ಟ್‌ಫರ್ಡ್ ಕೊರಂಟ್’ ಪತ್ರಿಕೆ, ಹಿಂದಿನ ಹತ್ತು ವರ್ಷಗಳಲ್ಲಿ ಹೀಗೆ ಹಿಡಿದಾಗ, ಕಟ್ಟಿದಾಗ, ಕೂಡಿಹಾಕಿದಾಗ ದೇಶದಲ್ಲಿ ಸಂಭವಿಸಿದ 142 ಸಾವುಗಳನ್ನು ಲೆಕ್ಕಕ್ಕೆ ತಂದಿತು. ಆಮೇಲೆ ಅಲ್ಲಿ ಗಂಟೆಗಳ ಮಿತಿ ಬಂತು: ಕಟ್ಟುವ ಒಂದು ಆದೇಶ ವಯಸ್ಕರಿಗೆ ನಾಲ್ಕು ಗಂಟೆ, 9ರಿಂದ 17 ವರ್ಷದವರಿಗೆ ಎರಡು ಗಂಟೆ, ಅದಕ್ಕಿಂತ ಚಿಕ್ಕವರಿಗೆ ಒಂದೇ ಗಂಟೆ ಊರ್ಜಿತ. ಕೂತ ಜಾಗ ಬದಲಿಸಲಿಲ್ಲ ಎಂಬಲ್ಲಿಂದ ಹೊರಟ ಜಗಳ ಅದು. ಗಂಟೆಯ ಮಿತಿಯಿಂದ ಅಂಥ ಜಗಳ ನಿಲ್ಲುವುದಿಲ್ಲವಲ್ಲ.

ನಿಲ್ಲಿಸಿ ತೋರಿಸಿದವರು ಬೇರೆ. ಅಮೆರಿಕದ್ದೇ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರಾಸ್ ಗ್ರೀನ್ ಎಂಬ ಮನಶ್ಶಾಸ್ತ್ರಜ್ಞರ ವಿಧಾನವನ್ನು ಜಾರಿಗೆ ತಂದರು. ಹಟಮಾಡುವ ಮಗುವಿಗೆ ಮನಸ್ಸಿಲ್ಲವೆಂದಲ್ಲ, ನಿರಾಸೆ ತಾಳಿಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ ಎಂಬುದು ಅವರ ಗ್ರಹಿಕೆ. ಮಗುವಿನ ಅಳಲು ಏನೆಂದು ಮೊದಲು ಕೇಳಬೇಕು, ನಮ್ಮ ಕಷ್ಟವನ್ನೂ ಹೇಳಬೇಕು, ದಾರಿಯನ್ನು ಇಬ್ಬರೂ ಕೂಡಿ ಹುಡುಕಬೇಕು. ಇಷ್ಟನ್ನೂ ಕೋಪ ಬರುವ ಮೊದಲೇ ಮಾಡಬೇಕು. ಹಿಂದಿನ ಒಂಬತ್ತು ತಿಂಗಳಲ್ಲಿ 281 ಬಾರಿ ಮಕ್ಕಳನ್ನು ಬಲವಂತವಾಗಿ ಹಿಡಿದಿಟ್ಟಿದ್ದ ವಾರ್ಡ್ ಅದು. ಮುಂದಿನ ಹದಿನೈದು ತಿಂಗಳಲ್ಲಿ ಹಾಗೆ ನಡೆದದ್ದು ಒಂದೇ ಬಾರಿ. ಅಲ್ಲಿನ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ವಾರ್ಡಿನಲ್ಲೂ ಇದೇ ವಿಧಾನದಿಂದ, ಹಿಡಿದಿಡುವುದು ವರ್ಷಕ್ಕೆ 263 ಬಾರಿ ಇದ್ದದ್ದು 7ಕ್ಕೆ ಇಳಿಯಿತು. ಕೂಡಿಹಾಕುವುದು ಮಾತ್ರ ಅಷ್ಟು ಸುಲಭವಾಗಿ ಬಗ್ಗಲಿಲ್ಲ: 432ರಿಂದ 133ಕ್ಕೆ ಬಂದು ನಿಂತಿತು. ಹಗ್ಗ ಬಿಟ್ಟು ಕೈ ಚಿಲಕಕ್ಕೆ ಹೋಗುತ್ತದೆ. ಚಿಲಕವನ್ನೂ ತೆಗೆದರೆ ಮಂಪರಿನ ಇಂಜೆಕ್ಷನ್‌ಗೆ ಹೋಗಬಹುದು. ಲೆಕ್ಕ ಇಡುವುದಾದರೆ ಮೂರನ್ನೂ ಇಡಬೇಕು.

ಅವರಿಗೆ ಸಿಬ್ಬಂದಿ ಇದೆ, ನಮಗಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೆ ನಮ್ಮಲ್ಲಿ ತಾಯಿ ಇದ್ದಾಳೆ. ಮಗುವನ್ನು ದಾಖಲಿಸಿದರೆ ಅದರ ಪರವಾದ ಪ್ರತಿನಿಧಿಯೋ ಸಹಾಯಕರೋ ಕೊನೆಯವರೆಗೂ ಜೊತೆಗಿರಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 87ನೇ ಸೆಕ್ಷನ್. ಇದು ಕಾಯ್ದೆಗಿಂತ ಹಳೆಯ ಪದ್ಧತಿ. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಮನೆಯವರನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಮಗ ಯಾವುದಕ್ಕೆ ಕೆರಳುತ್ತಾನೆ, ಏನು ಮಾಡಿದರೆ ತಣ್ಣಗಾಗುತ್ತಾನೆ ಎಂದು ದಾಖಲಾದ ದಿನವೇ ತಾಯಿಯನ್ನೂ ಮಗನನ್ನೂ ಕೇಳಿ ಕೇಸ್ ಶೀಟಿನ ಮೊದಲ ಪುಟದಲ್ಲಿ ಬರೆದಿಡುವುದಕ್ಕೆ ಹೊಸ ಹುದ್ದೆ ಬೇಕಿಲ್ಲ. ಅಂಥ ತಾಯಿಗೆ ಕಾಲು ಹಿಡಿಯುವ ಕೆಲಸ ಕೊಟ್ಟದ್ದು ನನಗೆ ಸಂಕಟ ತಂದಿತು.

ಸಿಬ್ಬಂದಿಯ ವಿಷಯದಲ್ಲಿ ಕಾಯ್ದೆ ನಿಮ್ಮ ಪರವಾಗಿದೆ ಎಂಬುದನ್ನು ಗಮನಿಸಿ. 97ನೇ ಸೆಕ್ಷನ್ ಕೂಡಿಹಾಕುವುದನ್ನು ನಿಷೇಧಿಸಿದೆ. ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಅನುಮತಿಯಿದ್ದರೆ ಮಾತ್ರ ಕಟ್ಟಬಹುದು. ಶಿಕ್ಷೆಗಾಗಿ ಕೂಡದು, ಸಿಬ್ಬಂದಿ ಕೊರತೆ ಎಂಬ ಕಾರಣಕ್ಕೂ ಕೂಡದು. ಏಕೆ, ಹೇಗೆ, ಎಷ್ಟು ಹೊತ್ತು ಎಂಬುದು ಕೂಡಲೇ ದಾಖಲಾಗಬೇಕು, 24 ಗಂಟೆಯೊಳಗೆ ರೋಗಿಯ ಪ್ರತಿನಿಧಿಗೆ ತಿಳಿಸಬೇಕು, ಪ್ರತಿ ತಿಂಗಳು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ವರದಿ ಹೋಗಬೇಕು. ‘ರೋಗಿ ಉದ್ರಿಕ್ತನಾಗಿದ್ದ’ ಎಂಬ ಒಂದು ಸಾಲಿನಲ್ಲಿ ಮುಗಿಸಬೇಡಿ. ಪಾಳಿಯಲ್ಲಿ ಎಷ್ಟು ಜನರಿದ್ದೆವು, ಜಗಳ ಯಾವುದರಿಂದ ಶುರುವಾಯಿತು ಎಂಬುದನ್ನೂ ಬರೆಯಿರಿ. ಆಗ ಅದಕ್ಕೆ ಉತ್ತರ ಹೇಳಬೇಕಾದವರು ನೀವಲ್ಲ, ನಿಮ್ಮ ಮೇಲಿನವರು. ಒಬ್ಬರೇ ಬರೆದರೆ ಮೇಲಿನವರ ಕಣ್ಣು ಕೆಂಪಾಗುವುದುಂಟು. ಎಲ್ಲ ಪಾಳಿಯವರೂ ಕೂಡಿ ನಿರ್ಧರಿಸಿ, ಮುಂದಿನ ತಿಂಗಳಿನಿಂದ ಶುರುಮಾಡಿ. ಟಿ.ವಿ.ಯ ಸಮಯವನ್ನು ಮಕ್ಕಳೊಡನೆ ಕೂತು ಗೊತ್ತುಮಾಡಲು ಈ ವಾರವೇ ಸಾಕು.

— ಸಂಪಾದಕ