ಸಿಕ್ಕ ಕಲ್ಲುಗಳು ಶಿಲಾಯುಗದ ಆಯುಧಗಳೇ ಎಂದು ಗುರುತಿಸುವುದು ಹೇಗೆ?

ಮೂವತ್ತು ಕಲ್ಲು ಹೆಕ್ಕಿ ತಂದು ಚೆನ್ನಾಗಿ ತೊಳೆದಿಟ್ಟಿದ್ದೇನೆ ಎಂದಿದ್ದೀರಿ. ‘ತೊಳೆದು’ ಅಂತ ಓದಿದ ಕೂಡಲೇ ನನ್ನ ಹೊಟ್ಟೆ ಚುರ್ ಎಂದಿತು.

ನಾನೂ ಮೂರು ವರ್ಷ ಹೆಕ್ಕಿದವನೇ. ಹಳ್ಳದ ದಂಡೆಯದು, ಉತ್ತ ಹೊಲದ್ದು, ಗುಡ್ಡದ ಬುಡದ್ದು, ಎಲ್ಲಾ ಒಂದೇ ಚೀಲಕ್ಕೆ. ಮನೆಗೆ ಬಂದು ಬ್ರಷ್ ಹಾಕಿ ತಿಕ್ಕುತ್ತಿದ್ದೆ. ಕಡೆಗೊಂದು ದಿನ ಪುರಾತತ್ವ ಬಲ್ಲವರೊಬ್ಬರಿಗೆ ತೋರಿಸಿದೆ. ಅಂಚಿನುದ್ದಕ್ಕೂ ಗರಗಸದ ಹಲ್ಲಿನಂತೆ ಚಕ್ಕೆ ಎದ್ದಿದ್ದ ಕಲ್ಲನ್ನೇ ಮೊದಲು ಕೊಟ್ಟೆ, ಜಂಬದಿಂದ. ಅವರು ಬೆಳಕಿಗೆ ಹಿಡಿದು ನಕ್ಕರು. ಕಲ್ಲಿನ ಮೈಯೆಲ್ಲ ಕಂದು, ಆ ಹಲ್ಲುಗಳ ಒಳಗೆ ಮಾತ್ರ ಹೊಸ ಬೂದು ಬಣ್ಣ. ಸಾವಿರಾರು ವರ್ಷದ ಏಟಾಗಿದ್ದರೆ ಅಲ್ಲಿಗೂ ಕಂದು ಹತ್ತಿರುತ್ತಿತ್ತು. “ಇದನ್ನು ಕೆತ್ತಿದ್ದು ನಿಮ್ಮ ಚೀಲ” ಎಂದರು. ಒಳಗೆ ಕಲ್ಲಿಗೆ ಕಲ್ಲು ತಾಗಿ ಎದ್ದ ಚಕ್ಕೆಗಳು!

ನಗು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ರಾಶಿಯಲ್ಲಿ ಒಂದು ಚಕ್ಕೆ ಅಸಲಿಯೇ ಇತ್ತು. ಪೆಟ್ಟು ಬಿದ್ದ ಪುಟ್ಟ ಸಮತಟ್ಟು ಜಾಗ, ಅದರ ಕೆಳಗೆ ಉಬ್ಬು, ಅಲ್ಲಿಂದ ನೀರಿನ ಅಲೆಯಂತೆ ಹರಡಿದ ಗೆರೆ, ಬೆನ್ನ ಮೇಲೆ ಅದಕ್ಕೂ ಮೊದಲು ಎಬ್ಬಿಸಿದ ಚಕ್ಕೆಗಳ ಗುರುತು. “ಎಲ್ಲಿ ಸಿಕ್ಕಿತು?” ಎಂದು ಕೇಳಿದರು. ಬಾಯಿ ಕಟ್ಟಿತು. ಹಳ್ಳದ್ದಾದರೆ ನೀರು ಎಲ್ಲಿಂದಲೋ ಹೊತ್ತು ತಂದಿರಬಹುದು. ಹೊಲದ್ದಾದರೆ ಅಲ್ಲೇ ಇನ್ನಷ್ಟು ಇರಬಹುದು. ಅಂಟಿದ್ದ ಮಣ್ಣಾದರೂ ಇದ್ದಿದ್ದರೆ ಅದರ ಬಣ್ಣ ನೋಡಿ ಒಂದು ಅಂದಾಜು ಮಾಡಬಹುದಿತ್ತು. ಅದನ್ನು ನಾನೇ ಬ್ರಷ್ ಹಾಕಿ ಮೋರಿಗೆ ಬಿಟ್ಟಿದ್ದೆ.

ಅದಕ್ಕೇ ‘ಇದು ಆಯುಧವೇ?’ ಅನ್ನುವ ಪ್ರಶ್ನೆಯೇ ನನಗೆ ಹಿಡಿಸುವುದಿಲ್ಲ. ‘ಎಲ್ಲಿತ್ತು, ಜೊತೆಗೆ ಏನಿತ್ತು’ ಅಂತ ಕೇಳಿ. ಬ್ರೆಜಿಲ್‌ನ ಕಪುಚಿನ್ ಕೋತಿಗಳು ಕಲ್ಲಿಗೆ ಕಲ್ಲು ಕುಟ್ಟಿ ಇಂಥದ್ದೇ ಚೂಪು ಚಕ್ಕೆ ಎಬ್ಬಿಸುತ್ತವೆ ಅಂತ 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕೋತಿಗಳಿಗೆ ಆ ಚಕ್ಕೆ ಬೇಕಾಗಿಯೇ ಇಲ್ಲ, ಸುಮ್ನೆ ಬಿದ್ದಿರುತ್ತವೆ. ಒಂಟಿ ಕಲ್ಲನ್ನು ನೋಡಿ ಏನಂತ ಹೇಳುವುದು? ‘ಕೈಯಲ್ಲಿ ಸರಿಯಾಗಿ ಕೂರುತ್ತದೆ’ ಅಂತಲೂ ಬರೆದಿದ್ದೀರಿ. ಹಳ್ಳದ ಅರ್ಧ ಕಲ್ಲುಗಳು ಹಾಗೇ ಕೂರುತ್ತವೆ ಬಿಡಿ.

ಇನ್ನು ಮುಂದೆ ಕಂಡರೆ ಎತ್ತಬೇಡಿ. ಎಷ್ಟೋ ದೇಶಗಳಲ್ಲಿ ಎತ್ತಲು ಕಾನೂನಿನ ತಡೆಯೂ ಇದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ, ತಿಳಿದವರನ್ನು ಅಲ್ಲಿಗೇ ಕರೆದುಕೊಂಡು ಹೋಗಿ. ಈಗಿರುವ ಮೂವತ್ತನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಎಲ್ಲಿ ಸಿಕ್ಕಿತೆಂದು ಇವತ್ತೇ ಬರೆದಿಡಿ. ನೆನಪಾಗದ್ದಕ್ಕೆ ‘ನೆನಪಿಲ್ಲ’ ಅಂತಲೇ ಬರೆಯಿರಿ. ನಾನು ಒಂದಕ್ಕೆ ಅಂದಾಜಿನಲ್ಲಿ ‘ಹೊಲ’ ಎಂದು ಬರೆದೆ, ಅವರು ಆ ಹೊಲವನ್ನು ಎರಡು ದಿನ ಸುಮ್ನೆ ಸುತ್ತಿದರು.